ನಕಾಶೆಯೂ ಓಲೆಯೂ

ಈ ವರುಷದ ಸಂಚಿಕೆಗೆ ನೀನೊಂದು ಲೇಖನ ಬರೆದುಕೊಡಬೇಕು ಎಂದು ಸಂಪಾದಕ ಮಂಡಳಿಯ ಗುರುಗಳು ಹೇಳಿದಾಗ, ಇತಿಹಾಸದ ವಿದ್ಯಾರ್ಥಿಯಾದ ನಾನು ನಮ್ಮೂರು ಪುತ್ತಿಗೆಯ ಚೌಟ ಅರಸರನ್ನು ಕುರಿತು ಬರೆದೇನೆಂದು ಅವರು ಎಣಿಸಿದ್ದಿರಬೇಕು. ಚೌಟರು ಮೂಡಬಿದಿರೆಗೆ ಬರುವ ಮೊದಲು ಪುತ್ತಿಗೆಯಲ್ಲಿ ನೆಲೆಸಿದ್ದವರು. ಆ ವಿಷಯದಲ್ಲಿ ಬರೆಯುವುದಕ್ಕೆ ಬೇಕಾದಷ್ಟಿದೆ. ಆದರೆ ಕಳೆದ ಒಂದೂವರೆ ವರುಷದಿಂದ ನನ್ನ ತಲೆಯನ್ನು ತಿನ್ನುತ್ತಿರುವುದು ಬೇರೊಂದು ವಿಷಯ. ಅದು, ಕ್ಲೌಡ್ ಎಂಬಲ್ಲಿ ಬಾಡಿಗೆಗೆ ದೊರೆಯುವ ಗಣಕಯಂತ್ರಗಳನ್ನು ಒಂದು ಹಾಳೆಯ ಬರಹದಿಂದ ಕಟ್ಟಿ ನಿಲ್ಲಿಸುವ ವಿದ್ಯೆ. ಕಲಾ ಕಾಲೇಜಿನ ಪತ್ರಿಕೆಗೆ ಇದೇತಕ್ಕೆ ಎನ್ನುವವರು ದಯವಿಟ್ಟು ಕೊನೆಯವರೆಗೆ ಓದಬೇಕು. ಕೊನೆಯಲ್ಲಿ ಅವರಿಂದ ಒಂದು ಉಪಕಾರವನ್ನು ಬೇಡುವುದೂ ಇದೆ.

ಮೊದಲು ಕ್ಲೌಡ್ ಎಂದರೇನೆಂದು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಹೆಸರು ಮೋಡವೆಂದಿದ್ದರೂ ಅದು ಇರುವುದು ನೆಲದ ಮೇಲೆಯೇ. ದೊಡ್ಡ ಕಟ್ಟಡಗಳಲ್ಲಿ ಸಾವಿರಾರು ಯಂತ್ರಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳ ಶಕ್ತಿಯನ್ನು ತುಂಡುತುಂಡಾಗಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ವ್ಯಾಪಾರವದು. ಅಮೆಜಾನ್ ಕಂಪೆನಿಯು 2006ರಲ್ಲಿ ಈ ರೀತಿಯ ಬಾಡಿಗೆಯನ್ನು ಆರಂಭಿಸಿತು. ಅದರ ಯಂತ್ರಾಗಾರಗಳು 2016ರಲ್ಲಿ ಮುಂಬಯಿಗೂ 2022ರಲ್ಲಿ ಹೈದರಾಬಾದಿಗೂ ಬಂದವು. ಮನೆಯಂಗಳದಲ್ಲಿ ಬಾವಿ ತೋಡಿಸುವ ಬದಲು ನಳ್ಳಿ ನೀರಿಗೆ ತಿಂಗಳ ಹಣ ಕಟ್ಟಿದಂತೆ ಎಂದರೆ ತಪ್ಪಾಗದು. ಆದರೆ ಒಂದು ಜಾಲತಾಣವನ್ನು ನಡೆಸುವುದಕ್ಕೆ ಯಂತ್ರವೊಂದೇ ಸಾಲದು. ಯಂತ್ರ ಕುಳಿತುಕೊಳ್ಳುವುದಕ್ಕೆ ಒಂದು ಖಾಸಗಿ ಜಾಲ ಬೇಕು, ಹೊರಗಿನವರಿಗೆ ಯಾವ ಬಾಗಿಲು ತೆರೆದಿರಬೇಕು ಯಾವುದು ಮುಚ್ಚಿರಬೇಕು ಎಂಬ ನಿಯಮ ಬೇಕು, ಬರಹಗಳನ್ನು ಇಡುವುದಕ್ಕೆ ಡಿಸ್ಕು ಬೇಕು, ಜನ ಹುಡುಕಿಕೊಂಡು ಬರುವುದಕ್ಕೆ ವಿಳಾಸ ಬೇಕು. ಇವೆಲ್ಲ ಒಂದನ್ನೊಂದು ಹಿಡಿದುಕೊಂಡು ನಿಲ್ಲುವಂಥವು.

ಇನ್ನು ನಮ್ಮ ಕಥೆ. ನಮ್ಮ ಗ್ರಂಥಾಲಯದ ಹಿಂಬದಿಯ ಕಪಾಟಿನಲ್ಲಿ ಈ ವಾರ್ಷಿಕ ಸಂಚಿಕೆಯ ಹಳೆಯ ಪ್ರತಿಗಳಿವೆ. ಮಳೆಗಾಲದ ತೇವಕ್ಕೆ ಕೆಲವಕ್ಕೆ ಬೂಸಲು ಹಿಡಿದಿದೆ, ಕೆಲವಕ್ಕೆ ಗೆದ್ದಲು ಹತ್ತಿದೆ. ನಮಗಿಂತ ಮುಂದಿನ ತರಗತಿಯಲ್ಲಿದ್ದ ಮೂವರು ವಿದ್ಯಾರ್ಥಿಗಳು ಅವುಗಳ ಒಂದೊಂದು ಪುಟವನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದು, ಯಾರು ಬೇಕಾದರೂ ಮನೆಯಲ್ಲಿ ಕುಳಿತು ಓದುವಂತೆ ಒಂದು ಜಾಲತಾಣವನ್ನು ಮಾಡಿದ್ದರು. ಅವರಲ್ಲಿ ಒಬ್ಬನಿಗೆ ಯಂತ್ರದ ಕೆಲಸ ಬರುತ್ತಿತ್ತು. ಅವನು ಒಂದು ಕಂಪೆನಿಯ ಕ್ಲೌಡಿನಲ್ಲಿ, ಮೊದಲ ಕೆಲವು ತಿಂಗಳು ಪುಕ್ಕಟೆ ಎಂದಿದ್ದ ಯಂತ್ರವೊಂದನ್ನು ಹಿಡಿದು, ಪರದೆಯ ಮೇಲೆ ಇಲ್ಲಿ ಒತ್ತಿ ಅಲ್ಲಿ ಒತ್ತಿ ಎಲ್ಲವನ್ನೂ ಕೈಯಿಂದಲೇ ಹೊಂದಿಸಿದ್ದ. ಪದವಿ ಮುಗಿಯಿತು, ಅವನು ಕೆಲಸ ಹಿಡಿದು ಹೋದ. ಪುಕ್ಕಟೆಯ ಅವಧಿ ಮುಗಿದೊಡನೆ ಯಂತ್ರವೂ ಹೋಯಿತು. ಪುಟಗಳ ಚಿತ್ರಗಳು ಮಾತ್ರ ಗ್ರಂಥಾಲಯದ ಹಾರ್ಡ್ ಡಿಸ್ಕಿನಲ್ಲಿ ಉಳಿದುವು. ಕೆಲಸ ನಮ್ಮ ತರಗತಿಗೆ ಬಂದಾಗ ನಾನು ಅವನಿಗೆ ಫೋನು ಮಾಡಿ, “ಅಣ್ಣಾ, ಅದನ್ನು ಹೇಗೆ ಕಟ್ಟಿದಿರಿ?” ಎಂದು ಕೇಳಿದೆ. “ಆಗ ಏನೇನೋ ಒತ್ತಿದ್ದೆ ಮಾರಾಯ, ಈಗ ನನಗೇ ನೆನಪಿಲ್ಲ” ಎಂದ. ಅವನನ್ನು ದೂರುವಂತಿಲ್ಲ. ನಾವು ಮೂರು ವಾರ ಒದ್ದಾಡಿ ಅದನ್ನು ಮತ್ತೆ ನಿಲ್ಲಿಸಿದೆವು. ನಿಲ್ಲಿಸಿದ ಮೇಲೆ ನಾವೂ ಏನೇನು ಒತ್ತಿದೆವೆಂದು ಎಲ್ಲಿಯೂ ಬರೆದಿಡಲಿಲ್ಲ.

ಹೀಗಿರುವಾಗ ಕಳೆದ ಆಟಿ ತಿಂಗಳು ಬಂತು. ಮದುವೆಯಾದ ವರುಷದ ಆಟಿಗೆ ಹೆಣ್ಣುಮಕ್ಕಳು ತವರಿಗೆ ಬರುವ ಪದ್ಧತಿ ನಮ್ಮ ಕಡೆ ಇನ್ನೂ ಉಳಿದಿದೆ. ಅಕ್ಕನನ್ನು ಬಿಟ್ಟುಹೋಗಲು ಬೆಂಗಳೂರಿನಿಂದ ಬಂದ ಭಾವ, ಮಳೆಯ ಆರ್ಭಟಕ್ಕೆ ಮರುದಿನ ಹೊರಡಲಾರದೆ ನಾಲ್ಕು ದಿನ ನಮ್ಮಲ್ಲಿಯೇ ಉಳಿದರು. ಅವರ ಉದ್ಯೋಗವೇ ಈ ಕ್ಲೌಡ್ ಯಂತ್ರಗಳನ್ನು ನೋಡಿಕೊಳ್ಳುವುದು. ನಮ್ಮ ಮೂರು ವಾರದ ಸಾಹಸವನ್ನು ನಾನು ಹೆಮ್ಮೆಯಿಂದ ಹೇಳಿದೆ. ಅವರು ನಕ್ಕು, “ನಾಳೆ ಇದು ಮತ್ತೆ ಹೋದರೆ ಮತ್ತೆ ಮೂರು ವಾರವೋ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮ ಚಾವಡಿಯ ಗೋಡೆಯಲ್ಲಿ, ಹಿಂದಿನ ತಿಂಗಳು ನಡೆದ ಸತ್ಯನಾರಾಯಣ ಪೂಜೆಗೆಂದು ಭಟ್ಟರು ಬರೆದುಕೊಟ್ಟ ಸಾಮಾನಿನ ಪಟ್ಟಿ ಇನ್ನೂ ತೂಗುತ್ತಿತ್ತು. ಭಾವ ಅದನ್ನು ತೋರಿಸಿ ಪಾಠವನ್ನು ಆರಂಭಿಸಿದರು. ಆ ಪಾಠವನ್ನು ನನಗೆ ತಿಳಿದ ಮಾತಿನಲ್ಲಿ ಇಲ್ಲಿ ಒಪ್ಪಿಸುತ್ತೇನೆ.

ಭಟ್ಟರ ಪಟ್ಟಿಯಲ್ಲಿ “ತೆಂಗಿನಕಾಯಿ ಐದು” ಎಂದಿದೆ. ಅಂಗಡಿಗೆ ಹೋಗು, ಕಾಯಿ ಆರಿಸು, ಹಣ ಕೊಡು ಎಂದು ಬರೆದಿಲ್ಲ. ಪೂಜೆಗೆ ಕುಳಿತಾಗ ಅಲ್ಲಿ ಐದು ಕಾಯಿ ಇರಬೇಕು, ಅಷ್ಟೆ. ಮನೆಯಲ್ಲಿ ಮೂರು ಕಾಯಿ ಇದ್ದರೆ ಇನ್ನೆರಡನ್ನು ತರುತ್ತೇವೆ. ಐದೂ ಇದ್ದರೆ ಏನೂ ಮಾಡುವುದಿಲ್ಲ. ಅದೇ ಪಟ್ಟಿಯನ್ನು ಹತ್ತು ಸಲ ಓದಿದರೂ ಕಾಯಿ ಐದೇ. ಇದಕ್ಕೆ ಬದಲಾಗಿ ಅಮ್ಮ ನನ್ನನ್ನು ಕರೆದು “ಎರಡು ಕಾಯಿ ತಾ” ಎಂದು ಹೇಳಿ, ಮರೆತು ಮತ್ತೊಮ್ಮೆ ಹೇಳಿದರೆ, ಮನೆಗೆ ನಾಲ್ಕು ಕಾಯಿ ಬರುತ್ತದೆ. ಮೊದಲನೆಯದು ಇರಬೇಕಾದ ಸ್ಥಿತಿಯ ಹೇಳಿಕೆ, ಎರಡನೆಯದು ಮಾಡಬೇಕಾದ ಕೆಲಸದ ಆಜ್ಞೆ. ಕ್ಲೌಡಿನಲ್ಲಿ ಹಿಂದೆ ಎರಡನೆಯ ರೀತಿಯೇ ನಡೆಯುತ್ತಿತ್ತು. ಕೈಯಿಂದ ಒತ್ತುವುದೂ ಅದೇ ಜಾತಿಯದು. ಮೊದಲನೆಯ ರೀತಿಯಲ್ಲಿ ಬರೆದ ಹಾಳೆಗೆ ಟೆಂಪ್ಲೇಟು ಎನ್ನುತ್ತಾರೆ. ನಾನು ಅದನ್ನು ನಕಾಶೆ ಎಂದು ಕರೆಯುತ್ತೇನೆ.

ನಮ್ಮ ತಾಣಕ್ಕೆ ಭಾವ ಅಂದು ಬರೆದುಕೊಟ್ಟ ನಕಾಶೆ ಇಂಗ್ಲಿಷಿನಲ್ಲಿದೆ. ಅದನ್ನು ಕನ್ನಡಿಸಿದರೆ ಸುಮಾರಾಗಿ ಹೀಗಾಗುತ್ತದೆ:

ವಿವರಣೆ: ವಾರ್ಷಿಕ ಸಂಚಿಕೆಗಳ ತಾಣ.
ಆಯ್ಕೆ: ಯಂತ್ರದ ಅಳತೆ, ಬೇರೆ ಹೇಳದಿದ್ದರೆ ಸಣ್ಣದು.
ಜಾಲ: ಖಾಸಗಿ ಜಾಲ ಒಂದು.
ಬಾಗಿಲು: ಸೇರಿದ್ದು ‘ಜಾಲ’ಕ್ಕೆ, ಹೊರಗಿನವರಿಗೆ ತೆರೆದಿರುವುದು 443ನೆಯ ದ್ವಾರ ಮಾತ್ರ.
ಡಿಸ್ಕು ಒಂದು: ಇಪ್ಪತ್ತು ಜಿಬಿ.
ಯಂತ್ರ: ಅಳತೆ ‘ಆಯ್ಕೆ’ಯಲ್ಲಿ ಹೇಳಿದಷ್ಟು, ಇರುವುದು ‘ಜಾಲ’ದಲ್ಲಿ, ಕಾವಲಿಗೆ ‘ಬಾಗಿಲು’.
ಜೋಡಣೆ: ‘ಯಂತ್ರ’ಕ್ಕೆ ಸೇರಿರುವುದು ‘ಡಿಸ್ಕು ಒಂದು’.
ಫಲ: ‘ಯಂತ್ರ’ದ ವಿಳಾಸ.

ಇಷ್ಟೇ. ಕನ್ನಡ ಐಚ್ಛಿಕದ ಗೆಳೆಯರು ಗಮನಿಸಬೇಕು: ಇಲ್ಲಿ ‘ತಾ’, ‘ಮಾಡು’, ‘ಜೋಡಿಸು’ ಎಂಬ ಆಜ್ಞೆ ಒಂದೂ ಇಲ್ಲ. ಯಾವುದು ಮೊದಲು ಯಾವುದು ಆಮೇಲೆ ಎಂಬ ಮಾತೂ ಇಲ್ಲ. ಹಾಗಾದರೆ ಅದನ್ನು ಓದುವ ಉಪಕರಣಕ್ಕೆ ಕ್ರಮ ತಿಳಿಯುವುದು ಹೇಗೆ? ಉಲ್ಲೇಖಗಳಿಂದ. ‘ಯಂತ್ರ’ದ ಸಾಲಿನಲ್ಲಿ ‘ಜಾಲ’ದ ಹೆಸರೂ ‘ಬಾಗಿಲಿ’ನ ಹೆಸರೂ ಬಂದಿರುವುದರಿಂದ, ಅವೆರಡೂ ಸಿದ್ಧವಾಗುವ ತನಕ ಯಂತ್ರವನ್ನು ಕೇಳುವಂತಿಲ್ಲ. ‘ಬಾಗಿಲಿ’ನ ಸಾಲಿನಲ್ಲಿ ‘ಜಾಲ’ ಇದೆ. ಆದುದರಿಂದ ಜಾಲ ಎಲ್ಲಕ್ಕೂ ಮೊದಲು. ‘ಡಿಸ್ಕು ಒಂದು’ ಯಾರ ಹೆಸರನ್ನೂ ಎತ್ತಿಲ್ಲ. ಅದು ಜಾಲದ ಜೊತೆಜೊತೆಗೇ ಆಗಬಹುದು, ಕಾಯಬೇಕಾಗಿಲ್ಲ. ‘ಜೋಡಣೆ’ಗೆ ಇಬ್ಬರೂ ಬೇಕು, ಆದುದರಿಂದ ಅದು ಕೊನೆಗೆ. ಹೀಗೆ ಉಪಕರಣವು ತಾನೇ ವಂಶವೃಕ್ಷದಂಥ ಒಂದು ಚಿತ್ರವನ್ನು ಬರೆದುಕೊಂಡು, ಬುಡದಿಂದ ಕೊನೆಗೆ ಹತ್ತುತ್ತದೆ. ಕೆಡವುವಾಗ ಕೊನೆಯಿಂದ ಬುಡಕ್ಕೆ ಇಳಿಯುತ್ತದೆ. ಒಂದಕ್ಕೆ ಇನ್ನೊಂದು, ಆ ಇನ್ನೊಂದಕ್ಕೆ ಮೊದಲಿನದು ಬೇಕು ಎಂದು ನಾವು ಸುತ್ತುಹಾಕಿ ಬರೆದರೆ, ಇದು ಆಗದ ಕೆಲಸವೆಂದು ಆರಂಭದಲ್ಲಿಯೇ ಹೇಳಿ ಕೈಕಟ್ಟಿ ಕೂರುತ್ತದೆ.

ಭಾವನ ನಕಾಶೆಯನ್ನು ಓಡಿಸಿದಾಗ, ನಾವು ಮೂರು ವಾರದಲ್ಲಿ ಕಟ್ಟಿದ್ದು ಹತ್ತು ನಿಮಿಷದೊಳಗೆ ಎದ್ದು ನಿಂತಿತು. ನಾನು ಸಂತೋಷದಿಂದ ವಿಳಾಸವನ್ನು ತೆರೆದರೆ ಪುಟವೇ ಬರಲಿಲ್ಲ! ಭಾವ ಚಾ ಕುಡಿಯುತ್ತ, “ಅಡಿಗೆಯವರು ಬಂದರು ಎಂದರೆ ಊಟಕ್ಕೆ ಎಲೆ ಹಾಕಬಹುದೋ?” ಎಂದು ಕೇಳಿದರು. ಯಂತ್ರ ಹುಟ್ಟಿದೆ, ನಿಜ. ಆದರೆ ಅದು ತಾನೇ ಎದ್ದು, ತನಗೆ ಬೇಕಾದ ತಂತ್ರಾಂಶಗಳನ್ನು ತಂದು ಹಾಕಿಕೊಳ್ಳುವುದಕ್ಕೆ ಇನ್ನಷ್ಟು ಹೊತ್ತು ಬೇಕು. ಹೊಸಬರು ಎಡವುವ ಜಾಗ ಇದು. ಆದುದರಿಂದ ಓಪನ್‌ಸ್ಟ್ಯಾಕಿನ ಹೀಟ್, ಅಮೆಜಾನಿನ ಕ್ಲೌಡ್‌ಫಾರ್ಮೇಶನ್ ಮೊದಲಾದ ಉಪಕರಣಗಳಲ್ಲಿ ‘ಕಾಯುವ ನಿಬಂಧನೆ’ ಎಂಬುದೊಂದಿದೆ. ಯಂತ್ರವು ಒಳಗಿನ ಕೆಲಸವನ್ನೆಲ್ಲ ಮುಗಿಸಿ ತಾನಾಗಿ “ಆಯಿತು” ಎಂದು ಸುದ್ದಿ ಕಳುಹಿಸುವ ತನಕ ಮುಂದಿನ ವಸ್ತುವನ್ನು ಮುಟ್ಟುವುದಿಲ್ಲ. ಹೇಳಿದ ಅವಧಿಯೊಳಗೆ ಸುದ್ದಿ ಬಾರದಿದ್ದರೆ ಕಟ್ಟಡ ಕೆಟ್ಟಿತೆಂದು ತೀರ್ಮಾನಿಸುತ್ತದೆ. ಹೀಗೆ ಅರ್ಧಕ್ಕೆ ಕೆಟ್ಟರೆ ಕ್ಲೌಡ್‌ಫಾರ್ಮೇಶನ್ ತಾನು ಕಟ್ಟಿದ್ದನ್ನೆಲ್ಲ, ಬೇರೆ ಹೇಳದಿದ್ದರೆ, ಕೆಡವಿ ಮೊದಲಿನ ಸ್ಥಿತಿಗೆ ಹಿಂದಿರುಗುತ್ತದೆ. ಅರ್ಧ ಕಟ್ಟಿದ ಮನೆಗೂ ಬಾಡಿಗೆ ಬರುತ್ತಿರುತ್ತದಲ್ಲ!

ಈ ವಿದ್ಯೆಯ ಹಿನ್ನೆಲೆಯನ್ನು ಇತಿಹಾಸದ ವಿದ್ಯಾರ್ಥಿಯಾಗಿ ಸ್ವಲ್ಪ ಹೇಳಬೇಕು. ಯಂತ್ರ ಹೇಗಿರಬೇಕೆಂದು ಬರೆದಿಟ್ಟು, ಅದನ್ನು ಆ ಸ್ಥಿತಿಗೆ ತರುವ ಕೆಲಸವನ್ನು ತಂತ್ರಾಂಶಕ್ಕೆ ಬಿಡುವ ವಿಚಾರವನ್ನು 1993ರಲ್ಲಿ ಓಸ್ಲೋದಲ್ಲಿದ್ದ ಮಾರ್ಕ್ ಬರ್ಜೆಸ್ ಎಂಬ ವಿದ್ವಾಂಸರು ಸಿಎಫ್‌ಎಂಜಿನ್ ಎಂಬುದನ್ನು ಬರೆದು ಬಳಕೆಗೆ ತಂದರು. ಆಗ ಕ್ಲೌಡ್ ಇರಲಿಲ್ಲ. ಅವರ ಚಿಂತೆ ಇದ್ದ ಯಂತ್ರಗಳನ್ನು ಸರಿಯಾಗಿಡುವುದು. ಇಲ್ಲದ ಯಂತ್ರಗಳನ್ನು ಹುಟ್ಟಿಸುವುದಕ್ಕೂ ನಕಾಶೆಯನ್ನೇ ಬಳಸಿದ ಅಮೆಜಾನಿನ ಕ್ಲೌಡ್‌ಫಾರ್ಮೇಶನ್ 2011ರದು. ಅಮೆರಿಕದ ನಾಸಾ ಸಂಸ್ಥೆಯೂ ರ‍್ಯಾಕ್‌ಸ್ಪೇಸ್ ಕಂಪೆನಿಯೂ ಕೂಡಿ 2010ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟ ಓಪನ್‌ಸ್ಟ್ಯಾಕ್ ಎಂಬ ಕ್ಲೌಡ್ ತಂತ್ರಾಂಶಕ್ಕೆ 2013ರಲ್ಲಿ ಹೀಟ್ ಸೇರಿತು. 2014ರಲ್ಲಿ ಹ್ಯಾಶಿಕಾರ್ಪ್ ಕಂಪೆನಿಯ ಟೆರಾಫಾರ್ಮ್ ಬಂತು. ಒಂದೇ ಕಂಪೆನಿಯ ಕ್ಲೌಡಿಗೆ ಕಟ್ಟುಬೀಳದೆ ಹಲವು ಕಂಪೆನಿಗಳ ಯಂತ್ರಗಳನ್ನು ಒಂದೇ ಭಾಷೆಯಲ್ಲಿ ಬರೆಯಬಹುದೆಂಬುದು ಅದರ ಹಿರಿಮೆ. 2023ರಲ್ಲಿ ಆ ಕಂಪೆನಿಯು ಪರವಾನಗಿಯನ್ನು ಬಿಗಿಮಾಡಿದಾಗ, ಒಪ್ಪದವರು ಅದರ ಹಳೆಯ ಪ್ರತಿಯಿಂದ ಓಪನ್‌ಟೋಫು ಎಂಬ ಕವಲನ್ನು ಒಡೆಸಿಕೊಂಡರು. ಮಠಗಳಲ್ಲಿಯೂ ಮನೆತನಗಳಲ್ಲಿಯೂ ಆಗುವುದು ಇದೇ ತಾನೆ!

ಇದೆಲ್ಲ ದೂರದೇಶದ ಮಾತೆಂದು ಎಣಿಸಬೇಕಾಗಿಲ್ಲ. ಬೆಂಗಳೂರಿನಲ್ಲಿ 2003ರಲ್ಲಿ ಸ್ಥಾಪಿತವಾದ ಇಗವರ್ನಮೆಂಟ್ಸ್ ಫೌಂಡೇಶನ್ ಎಂಬ ಸಂಸ್ಥೆಯು ನಗರಸಭೆಗಳಿಗಾಗಿ ಡಿಜಿಟ್ ಎಂಬ ತಂತ್ರಾಂಶವನ್ನು ಮಾಡಿ ಮುಕ್ತವಾಗಿ ಇಟ್ಟಿದೆ. ಮನೆತೆರಿಗೆ ಕಟ್ಟುವುದು, ದೂರು ಕೊಡುವುದು ಮುಂತಾದ ಕೆಲಸಗಳು ಅದರಲ್ಲಿ ನಡೆಯುತ್ತವೆ. ಪಂಜಾಬಿನ ನಗರಸಭೆಗಳು ಅದನ್ನು ಬಳಸಿವೆ. ಆ ತಂತ್ರಾಂಶದ ಜೊತೆಯಲ್ಲಿಯೇ, ಅದನ್ನು ನಿಲ್ಲಿಸುವ ಯಂತ್ರಗಳ ನಕಾಶೆಗಳನ್ನೂ ಟೆರಾಫಾರ್ಮಿನಲ್ಲಿ ಬರೆದು ಇಟ್ಟಿದ್ದಾರೆ. ಒಂದು ರಾಜ್ಯಕ್ಕಾಗಿ ಪಟ್ಟ ಪಾಡನ್ನು ಇನ್ನೊಂದು ರಾಜ್ಯ ಮೊದಲಿನಿಂದ ಪಡಬೇಕಾಗಿಲ್ಲ. ನಕಾಶೆಯ ‘ಆಯ್ಕೆ’ಗಳಲ್ಲಿ ತಮ್ಮ ಹೆಸರು, ತಮ್ಮ ಅಳತೆ ತುಂಬಿದರಾಯಿತು. ಭಾವ ಇದನ್ನು ತೆರೆದು ತೋರಿಸಿದಾಗ, ನಮ್ಮ ಸಣ್ಣ ತಾಣದ ನಕಾಶೆಯೂ ಆ ದೊಡ್ಡ ನಕಾಶೆಯೂ ಒಂದೇ ವ್ಯಾಕರಣದಲ್ಲಿವೆ ಎಂಬುದನ್ನು ಕಂಡು ನನಗೆ ನಿಜವಾಗಿ ಸಂತೋಷವಾಯಿತು.

ನಕಾಶೆ ಬಂದ ಮೇಲೆ ಕೈಯಿಂದ ಒತ್ತುವುದನ್ನು ಬಿಡಬೇಕು. ಇದು ಭಾವ ಹೋಗುವಾಗ ಹೇಳಿದ ಮಾತು. ನನ್ನ ಗೆಳೆಯನೊಬ್ಬ ಕೇಳಲಿಲ್ಲ. ಏನೋ ಪರೀಕ್ಷಿಸುವುದಕ್ಕೆಂದು ಒಂದು ರಾತ್ರಿ ಇನ್ನೊಂದು ದ್ವಾರವನ್ನು ಕೈಯಿಂದ ತೆರೆದು ಹಾಗೆಯೇ ಬಿಟ್ಟ. ಮರುವಾರ ನಾನು ನಕಾಶೆಯನ್ನು ಓಡಿಸಿದಾಗ ಅದು ಮುಚ್ಚಿಹೋಯಿತು. ಅವನು ನನ್ನನ್ನು ಬೈದ, ನಾನು ಅವನನ್ನು ಬೈದೆ. ನಕಾಶೆಯಲ್ಲಿ ಇರುವುದಕ್ಕೂ ನೆಲದಲ್ಲಿ ಇರುವುದಕ್ಕೂ ಹೀಗೆ ಅಂತರ ಬೆಳೆಯುವುದನ್ನು ಬಲ್ಲವರು ‘ಡ್ರಿಫ್ಟ್’ ಎನ್ನುತ್ತಾರೆ, ಅಂದರೆ ತೇಲಿಹೋಗುವುದು. ಕೈಯಿಂದ ತಿದ್ದಿ ತಿದ್ದಿ ಒಂದೊಂದು ಯಂತ್ರವೂ ಒಂದೊಂದು ರೀತಿಯಾದರೆ, ಅದು ಮೂಡಬಿದಿರೆಯ ಸಾವಿರ ಕಂಬದ ಬಸದಿಯ ಕಂಬಗಳಂತೆ ಆಗುತ್ತದೆ. ಅಲ್ಲಿ ಒಂದು ಕಂಬದಂತೆ ಇನ್ನೊಂದಿಲ್ಲ ಎಂದು ನಾವು ಹೆಮ್ಮೆಪಡುತ್ತೇವೆ. ಶಿಲ್ಪಕ್ಕೆ ಅದು ಭೂಷಣ. ಯಂತ್ರಕ್ಕೆ ಮಾತ್ರ ಅದು ರೋಗ. ಇನ್ನೊಂದು ಸಣ್ಣ ಎಚ್ಚರಿಕೆ: ನಕಾಶೆಯನ್ನು ಹತ್ತು ಜನ ನೋಡುತ್ತಾರಾದುದರಿಂದ ಗುಪ್ತಪದವನ್ನು ಅದರಲ್ಲಿ ಬರೆಯಬಾರದು.

ಇನ್ನು ನನ್ನ ತಪ್ಪನ್ನು ಹೇಳಬೇಕು.

ತಾಣದಲ್ಲಿ ಪ್ರತಿಯೊಂದು ಹಳೆಯ ಚಿತ್ರದ ಕೆಳಗೂ ಹೆಸರು ಬರೆಯುವುದಕ್ಕೆ ನಾವು ಜಾಗವನ್ನು ಇಟ್ಟಿದ್ದೆವು. ಹಳೆಯ ಸಂಚಿಕೆಗಳಲ್ಲಿ ಸಂಘದ ಪದಾಧಿಕಾರಿಗಳ ಚಿತ್ರ, ಆಟಗಾರರ ಚಿತ್ರ, ನಾಟಕದ ಚಿತ್ರ ಇರುತ್ತವೆ. ಎಷ್ಟೋ ಕಡೆ ಹೆಸರುಗಳಿಲ್ಲ. ಹಳೆಯ ವಿದ್ಯಾರ್ಥಿಗಳು ನೋಡಿ, ಇದು ಇಂಥವರು, ಇವರು ಮುಂದೆ ಇಂಥಲ್ಲಿ ಮಾಸ್ತರರಾದರು ಎಂದು ಬರೆಯತೊಡಗಿದರು. ದೀಪಾವಳಿಯ ಹೊತ್ತಿಗೆ ಅರುವತ್ತಕ್ಕೆ ಮೇಲ್ಪಟ್ಟು ಹೆಸರುಗಳು ಬಂದುವು. ಸಿದ್ಧಕಟ್ಟೆಯ ಕಡೆಯ ನಿವೃತ್ತ ಮಾಸ್ತರರೊಬ್ಬರಿಗೆ ಕಣ್ಣು ಮಂಜಾಗಿತ್ತು. ಅವರ ಮೊಮ್ಮಗಳು ಚಿತ್ರವನ್ನು ದೊಡ್ಡದು ಮಾಡಿ ತೋರಿಸುತ್ತ ಹೋದಂತೆ, ಅವರು ನಾಟಕದ ಒಂದು ಚಿತ್ರದಲ್ಲಿದ್ದ ಹನ್ನೊಂದು ಮಂದಿಯ ಹೆಸರನ್ನೂ, ಯಾರು ಯಾವ ಪಾತ್ರವೆಂಬುದನ್ನೂ ಫೋನಿನಲ್ಲಿ ನನಗೆ ಹೇಳಿದರು. ನಾನು ಕೇಳಿದ ಹಾಗೆಯೇ ನೇರವಾಗಿ ತಾಣದಲ್ಲಿ ಟೈಪು ಮಾಡಿದೆ. ಕಾಗದದಲ್ಲಿ ಬರೆದುಕೊಳ್ಳಲಿಲ್ಲ. ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಮಕರ ಸಂಕ್ರಾಂತಿಯ ಮರುದಿನ ಬಿಡುವಿತ್ತು. ನಕಾಶೆಯನ್ನು ತೆರೆದು ನೋಡುತ್ತಿದ್ದಾಗ ‘ಡಿಸ್ಕು ಒಂದು’ ಎಂಬ ಹೆಸರು ನನಗೆ ಒರಟಾಗಿ ಕಂಡಿತು. ಕರಡು ತಿದ್ದುವ ಅಭ್ಯಾಸದವನು ನಾನು. ಅದನ್ನು ಹೊಡೆದು ‘ಭಂಡಾರ’ ಎಂದು ಬರೆದೆ. ‘ಜೋಡಣೆ’ಯ ಸಾಲಿನಲ್ಲಿಯೂ ಹಾಗೆಯೇ ತಿದ್ದಿದೆ. ಬೇರೆ ಒಂದಕ್ಷರವನ್ನೂ ಮುಟ್ಟಲಿಲ್ಲ. ಓಡಿಸಿದೆ. ಉಪಕರಣವು ತಾನು ಏನು ಮಾಡಹೊರಟಿದೆ ಎಂಬುದನ್ನು ಮೊದಲು ಬರೆದು ತೋರಿಸಿತು: ಸೇರಿಸುವುದು ಎರಡು, ಬದಲಿಸುವುದು ಸೊನ್ನೆ, ಅಳಿಸುವುದು ಎರಡು, ಸಮ್ಮತಿಯೇ? ನಾನು ಓದಲಿಲ್ಲ. ಹೆಸರು ತಾನೆ ಎಂದು ‘ಯೆಸ್’ ಒತ್ತಿದೆ.

ತಾಣ ತೆರೆಯಿತು. ಕಪಾಟುಗಳೆಲ್ಲ ಖಾಲಿ ಇದ್ದುವು.

ಫೋನಿನಲ್ಲಿ ಭಾವ ಬೈಯಲಿಲ್ಲ, ನಿಧಾನವಾಗಿ ವಿವರಿಸಿದರು. ನಮಗೆ ಹೆಸರೆಂದರೆ ವಸ್ತುವಿಗೆ ಅಂಟಿಸಿದ ಚೀಟಿ. ಚೀಟಿ ಬದಲಾದರೂ ವಸ್ತು ಅದೇ. ನಕಾಶೆಯಲ್ಲಿ ಹಾಗಲ್ಲ. ಅಲ್ಲಿ ಹೆಸರೇ ವಸ್ತುವಿನ ಗುರುತು. ‘ಡಿಸ್ಕು ಒಂದು’ ಎಂಬುದು ಪಟ್ಟಿಯಲ್ಲಿ ಇಲ್ಲವೆಂದರೆ ಅದು ಬೇಡವೆಂದು ಅರ್ಥ. ‘ಭಂಡಾರ’ ಎಂಬುದು ಹೊಸದಾಗಿ ಬಂದಿದೆ ಎಂದರೆ ಇಪ್ಪತ್ತು ಜಿಬಿಯ ಹೊಸ ಡಿಸ್ಕೊಂದು ಬೇಕೆಂದು ಅರ್ಥ. ಉಪಕರಣವು ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿತು. ಹಳೆಯ ಡಿಸ್ಕನ್ನು ಅಳಿಸಿತು, ಹೊಸದನ್ನು ತಂದಿತು, ಹಳೆಯ ಜೋಡಣೆಯನ್ನು ಬಿಚ್ಚಿ ಹೊಸತನ್ನು ಹಾಕಿತು. ಹೆಸರು ಮಾತ್ರ ಬದಲಾಗಿದೆ, ವಸ್ತು ಅದೇ ಎಂದು ತಿಳಿಸುವುದಕ್ಕೆ ಬೇರೆಯೇ ಒಂದು ಹೇಳಿಕೆಯಿದೆ. ಟೆರಾಫಾರ್ಮಿನಲ್ಲಿ ಅದು 2021ರ ಕೊನೆಯಿಂದ ಇದೆ. ನನಗೆ ಅದು ತಿಳಿದಿರಲಿಲ್ಲ.

“ಅಳಿಸಬೇಡ ಎಂದು ಒಂದು ಸಾಲು ಬರೆಯಬಹುದಂತಲ್ಲ ಭಾವ, ನೀವು ಅದನ್ನು ಬರೆದಿದ್ದರೆ?” ಎಂದು ನಾನು, ತಪ್ಪನ್ನು ಅರ್ಧವಾದರೂ ಅವರ ಮೇಲೆ ಹಾಕುವ ಆಸೆಯಿಂದ, ಕೇಳಿದೆ. ಅದಕ್ಕೆ ಅವರು ಹೇಳಿದ್ದು ಈ ಲೇಖನದಲ್ಲಿ ನಾನು ಅತ್ಯಂತ ಮುಖ್ಯವೆಂದು ತಿಳಿಯುವ ಸಂಗತಿ. ಟೆರಾಫಾರ್ಮಿನಲ್ಲಿ ಆ ಕಾವಲಿನ ಸಾಲನ್ನು ಬರೆಯುವುದು ಆಯಾ ವಸ್ತುವಿನ ಬರಹದ ಒಳಗೇ. ವಸ್ತುವಿನ ಬರಹವನ್ನೇ ನಕಾಶೆಯಿಂದ ತೆಗೆದರೆ, ಇಲ್ಲವೇ ಅದರ ಹೆಸರನ್ನು ಹೊಡೆದರೆ, ಹಳೆಯ ಹೆಸರಿನ ಜೊತೆಗೆ ಅದರ ಕಾವಲೂ ಹೋಗುತ್ತದೆ! ಕೊಟ್ಟಿಗೆಯ ಬೀಗವನ್ನು ಕೊಟ್ಟಿಗೆಯೊಳಗೇ ಇಟ್ಟಂತೆ. ಕ್ಲೌಡ್‌ಫಾರ್ಮೇಶನ್ನಿನಲ್ಲಿಯೂ ಹೀಟಿನಲ್ಲಿಯೂ ರೀತಿ ಬೇರೆ: ‘ಪಟ್ಟಿಯಿಂದ ತೆಗೆದರೂ ವಸ್ತುವನ್ನು ಉಳಿಸಿಕೋ’ ಅಥವಾ ‘ಅಳಿಸುವ ಮೊದಲು ಒಂದು ಪ್ರತಿ ತೆಗೆದಿಡು’ ಎಂದು ಮೊದಲೇ ಬರೆದಿದ್ದರೆ, ಅಳಿಸುವ ಹೊತ್ತಿಗೆ ಅದನ್ನು ನೆನಪಿಟ್ಟು ನಡೆಸುತ್ತವೆ. ನಾವು ಎಲ್ಲಿಯೂ ಏನನ್ನೂ ಬರೆದಿರಲಿಲ್ಲ. ಡಿಸ್ಕಿನ ಪ್ರತಿ ತೆಗೆದಿಡಿರೆಂದು ಬಾಡಿಗೆಯ ಕಂಪೆನಿಗೂ ಹೇಳಿರಲಿಲ್ಲ.

ಪುಟಗಳ ಚಿತ್ರಗಳನ್ನು ಗ್ರಂಥಾಲಯದ ಹಾರ್ಡ್ ಡಿಸ್ಕಿನಿಂದ ಮತ್ತೆ ತುಂಬಿದೆವು. ಹೆಸರುಗಳು ಹೋದುವು.

ಆ ವಾರ ಕಾಲೇಜಿನಿಂದ ಮನೆಗೆ ಹಿಂದಿರುಗುವಾಗ ಒಂದು ಸಂಜೆ ಮೂಡಬಿದಿರೆಯಲ್ಲಿಯೇ ಬಸ್ಸಿಳಿದು ಬಸದಿಗಳ ಬೀದಿಯಲ್ಲಿ ನಡೆದೆ. ಸಾವಿರ ಕಂಬದ ಬಸದಿ 1430ರದು. ಅದರ ಅಳತೆಗಳನ್ನೆಲ್ಲ ಬರೆದಿಟ್ಟಿದ್ದರೆ, ಹಣವೂ ಶಿಲ್ಪಿಗಳೂ ಇದ್ದರೆ, ಅಂಥ ಇನ್ನೊಂದನ್ನು ಕಟ್ಟಬಹುದೆಂದು ವಾದಕ್ಕಾದರೂ ಹೇಳಬಹುದು. ಆದರೆ ಅದೇ ಬೀದಿಯ ಗುರುಬಸದಿಯಲ್ಲಿ, ಸಿದ್ಧಾಂತ ಬಸದಿ ಎಂದೂ ಅದನ್ನು ಕರೆಯುತ್ತಾರೆ, ಧವಳ, ಜಯಧವಳ, ಮಹಾಧವಳಗಳೆಂಬ ಗ್ರಂಥಗಳ ಓಲೆಗಳಿದ್ದುವು. ಹಳಗನ್ನಡ ಲಿಪಿಯ ಆ ಓಲೆಗರಿಗಳು ಶತಮಾನಗಳ ಕಾಲ ಇಲ್ಲಿ ಮಾತ್ರ ಉಳಿದಿದ್ದುವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವುಗಳನ್ನು ಪ್ರತಿ ಮಾಡುವ ಕೆಲಸ ಮೊದಲಾಯಿತು. ಹಲವು ವರುಷ ಹಿಡಿಯಿತು. ಪಂಡಿತ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಳ ಟೀಕೆಯೊಡನೆ ಷಟ್ಖಂಡಾಗಮದ ಮೊದಲ ಸಂಪುಟ ಅಚ್ಚಾಗಿ ಹೊರಬಂದದ್ದು 1939ರಲ್ಲಿ. ಕಟ್ಟಡ ಕಲ್ಲಿನದಾಗಿದ್ದರೂ ಒಂದು ಗರಿ ಹುಳು ತಿಂದರೆ ಅದರಲ್ಲಿದ್ದುದನ್ನು ಯಾವ ನಕಾಶೆಯೂ ತಂದುಕೊಡುತ್ತಿರಲಿಲ್ಲ. ನಾನು ಆಟಿಯಿಂದ ಸಂಕ್ರಾಂತಿಯವರೆಗೆ, ಹತ್ತು ನಿಮಿಷದಲ್ಲಿ ಎಲ್ಲವನ್ನೂ ಮರಳಿ ತರಬಲ್ಲೆನೆಂದು ಎಲ್ಲರಲ್ಲಿಯೂ ಹೇಳಿಕೊಂಡು ತಿರುಗಿದ್ದೆ. ಮರಳಿ ಬರುತ್ತಿದ್ದುದು ಬಸದಿ, ಓಲೆಯಲ್ಲ.

ಈಗ ನಾವು ನಕಾಶೆಯನ್ನು ಎರಡು ಹಾಳೆಯಾಗಿ ಒಡೆದಿದ್ದೇವೆ. ಒಂದರಲ್ಲಿ ಜಾಲ, ಬಾಗಿಲು, ಯಂತ್ರ, ಜೋಡಣೆ. ಇದನ್ನು ಯಾವಾಗ ಬೇಕಾದರೂ ಕೆಡವಿ ಕಟ್ಟಬಹುದು, ತಿಂಗಳಿಗೊಮ್ಮೆ ಬೇಕೆಂದೇ ಕೆಡವಿ ಕಟ್ಟುತ್ತೇವೆ. ಇನ್ನೊಂದರಲ್ಲಿ ಡಿಸ್ಕು ಮಾತ್ರ. ಅದನ್ನು ಇಬ್ಬರು ಕೂಡಿ ಓದದೆ ಓಡಿಸುವುದಿಲ್ಲ. ಪ್ರತಿ ರಾತ್ರಿಯೂ ಡಿಸ್ಕಿನ ಒಂದು ಪ್ರತಿ ತಾನಾಗಿ ಬೇರೆ ಕಡೆಗೆ ಹೋಗುತ್ತದೆ. ಶನಿವಾರ ಮಧ್ಯಾಹ್ನ ಹೆಸರುಗಳ ಪಟ್ಟಿಯನ್ನು ಅಚ್ಚು ತೆಗೆದು ಗ್ರಂಥಾಲಯದ ದಪ್ಪ ನೋಟುಪುಸ್ತಕದಲ್ಲಿ ಅಂಟಿಸುತ್ತೇವೆ. ಭಾವ ಇದನ್ನು ಕೇಳಿ ನಕ್ಕರೂ ಬೇಡವೆನ್ನಲಿಲ್ಲ. ಫೆಬ್ರವರಿಯಲ್ಲಿ ಒಂದು ದಿನ, ಬೇರೊಂದು ಖಾಲಿ ಡಿಸ್ಕನ್ನು ಹಿಡಿದು, ರಾತ್ರಿಯ ಪ್ರತಿಯಿಂದ ಎಲ್ಲವೂ ನಿಜವಾಗಿ ಮರಳುತ್ತದೆಯೇ ಎಂದು ನೋಡಿದೆವು. ಮೊದಲ ಸಲ ಮರಳಲಿಲ್ಲ; ಪ್ರತಿ ತೆಗೆಯುವ ಬರಹದಲ್ಲಿ ಒಂದು ಕಡತದ ದಾರಿ ತಪ್ಪಾಗಿತ್ತು. ತಿದ್ದಿದ ಮೇಲೆ ಮರಳಿತು.

ಹೋದ ಹೆಸರುಗಳಲ್ಲಿ ಹೆಚ್ಚಿನವನ್ನು, ಬರೆದವರಿಗೆ ಒಬ್ಬೊಬ್ಬರಿಗೂ ಫೋನು ಮಾಡಿ, ನಾಚಿಕೆಪಟ್ಟು, ಮತ್ತೆ ಕೇಳಿ ಬರೆದುಕೊಂಡೆವು. ಯಾರೂ ಸಿಟ್ಟಾಗಲಿಲ್ಲ. ಕೆಲವರು ಮೊದಲಿಗಿಂತ ಹೆಚ್ಚನ್ನೇ ಹೇಳಿದರು. ನಾಟಕದ ಚಿತ್ರದಲ್ಲಿ ಹನ್ನೊಂದು ಮಂದಿಯ ಪೈಕಿ ಏಳು ಹೆಸರುಗಳು ಮಾಸ್ತರರ ಮೊಮ್ಮಗಳ ನೆನಪಿನಿಂದ ದೊರೆತುವು. ಮೂರನ್ನು ಇನ್ನೊಬ್ಬ ಹಿರಿಯರು ಗುರುತಿಸಿದರು. ಎಡದಿಂದ ನಾಲ್ಕನೆಯವರು, ತಲೆಗೆ ರುಮಾಲು ಸುತ್ತಿ ಕೈಯಲ್ಲಿ ಕೋಲು ಹಿಡಿದು ನಿಂತವರು, ಯಾರೆಂದು ಈಗ ಹೇಳುವವರಿಲ್ಲ. ಆ ಚಿತ್ರವನ್ನು ಈ ಲೇಖನದ ಎದುರಿನ ಪುಟದಲ್ಲಿ ಅಚ್ಚುಮಾಡಲು ಸಂಪಾದಕರು ಒಪ್ಪಿದ್ದಾರೆ. ಗುರುತು ಹಿಡಿದವರು ಕಾಲೇಜಿನ ಗ್ರಂಥಾಲಯಕ್ಕೆ ಒಂದು ಕಾರ್ಡು ಬರೆಯಬೇಕಾಗಿ ಬೇಡುತ್ತೇನೆ.